ಮಹಿಳಾ ವಿಭಾಗದ ದ್ವಿತೀಯ ಬಹುಮಾನದಿಂದ ಪಂಚಾಕ್ಷರಪ್ಪನ ಹೆಸರು ತೆಗೆಯುವ ಬಗ್ಗೆ

ಇಂದ,
ಪಂಚಾಕ್ಷರಪ್ಪ (ಗಂಡಸು),
ಪ್ರಥಮ ದರ್ಜೆ ಸಹಾಯಕ, ನಿವೃತ್ತಿಯ ಅಂಚಿನಲ್ಲಿರುವವನು,
ಹಗರಿಬೊಮ್ಮನಹಳ್ಳಿ, ವಿಜಯನಗರ ಜಿಲ್ಲೆ.

ಗೆ,
ಮಾನ್ಯ ಕಾರ್ಯದರ್ಶಿಗಳು,
ಬಯಲುಸೀಮೆ ಮಣ್ಣುಹಾದಿ ಮೋಟಾರು ಸ್ಪರ್ಧಾ ಸಮಿತಿ,
ದಾವಣಗೆರೆ.

ವಿಷಯ: ತಮ್ಮ ಕಾರ್ ರೇಸಿನ ಮಹಿಳಾ ವಿಭಾಗದಲ್ಲಿ ದ್ವಿತೀಯ ಸ್ಥಾನ ಪಡೆದವರು ಅರ್ಜಿದಾರನಲ್ಲ, ಅರ್ಜಿದಾರನ ಹೆಂಡತಿ ಎಂದು ಪ್ರಶಸ್ತಿ ಪತ್ರ ತಿದ್ದಿಕೊಡುವ ಕುರಿತು.

ಉಲ್ಲೇಖ:
1. ತಮ್ಮ ಸಮಿತಿ ದಯಪಾಲಿಸಿದ ಪ್ರಶಸ್ತಿ ಪತ್ರ.
2. ಈ ಬಗ್ಗೆ ತಮ್ಮ ಕಚೇರಿಗೆ ಫೋನು ಮಾಡಿದಾಗ ಬಂದ "ಅರ್ಜಿ ಬರೆದು ಕೊಡ್ರಿ, ನೋಡೋಣ" ಎಂಬ ಉತ್ತರ.
3. ಅರ್ಜಿದಾರನ ಧರ್ಮಪತ್ನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನು ಸರ್ಕಾರಿ ಕಚೇರಿಯೊಂದರಲ್ಲಿ ಕುಳಿತು ಜೀವಮಾನವಿಡೀ ಬೇರೆಯವರ ಸಂಗತಿಗಳನ್ನು ಬರೆದವನು. ಆದ್ದರಿಂದ ತನ್ನ ಸಂಗತಿಯನ್ನು ಬರೆಯುವಾಗಲೂ "ನಾನು" ಎಂಬ ಪದ ಅವನ ಪೆನ್ನಿಗೆ ಬರುವುದಿಲ್ಲ. ಈ ಅರ್ಜಿಯಲ್ಲಿ ಅವನು ಅರ್ಜಿದಾರನೇ. ತಪ್ಪು ತಿಳಿಯಬಾರದು. ನಡೆದದ್ದನ್ನು ನಡೆದ ಕ್ರಮದಲ್ಲಿ ಈ ಕೆಳಗೆ ನಮೂದಿಸಿದೆ.

೧. ಅರ್ಜಿದಾರನು ಸ್ವಭಾವದಿಂದ ನಿಧಾನಸ್ಥ. ಅವನ ಹೆಸರಿನಲ್ಲಿ ಬಿಳಿ ಬಣ್ಣದ ಒಂದು ಸಣ್ಣ ಕಾರು ಇದೆ. ಕೊಂಡು ವರ್ಷಗಳೇ ಕಳೆದಿದ್ದರೂ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ; ಕೂತರೆ ಚರಚರ ಎನ್ನುತ್ತದೆ. ವಾರದ ಆರು ದಿನ ಅದು ಮನೆಯ ಮುಂದೆ ಹೊದಿಕೆ ಹಾಕಿಕೊಂಡು ನಿಂತಿರುತ್ತದೆ, ಏಳನೆಯ ದಿನ ಅರ್ಜಿದಾರನು ಹೊದಿಕೆ ತೆಗೆದು, ಒರೆಸಿ, ಮತ್ತೆ ಹೊದಿಕೆ ಹಾಕುತ್ತಾನೆ. ಗಾಡಿಗೆ ಐದು ಗೇರು ಇರುವುದಾಗಿ ಕೊಟ್ಟವರು ತಿಳಿಸಿದ್ದರು. ಅರ್ಜಿದಾರನು ಮೂರರವರೆಗೆ ಪರಿಶೀಲಿಸಿದ್ದಾನೆ. ಒಮ್ಮೆ ಕೂಡ್ಲಿಗಿಗೆ ಮದುವೆಗೆಂದು ಹೊರಟಾಗ ದಾರಿಯಲ್ಲಿ ಕುರಿಹಿಂಡೊಂದು ಅವನ ಕಾರನ್ನು ಹಿಂದೆ ಹಾಕಿ ಹೋಗಿತ್ತು ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ. ಅಲ್ಲಿ ರಸ್ತೆ ಏರು ಇತ್ತು ಎಂಬುದನ್ನು ಯಾರೂ ಹೇಳುವುದಿಲ್ಲ.

೨. ಅರ್ಜಿದಾರನ ಹೆಂಡತಿ ಕಲ್ಯಾಣಮ್ಮ ಹೂವಿನಹಡಗಲಿ ತಾಲೂಕಿನ ಇಟ್ಟಿಗಿಯವಳು. ಅವಳ ತಂದೆ ಪಾಲಾಕ್ಷಪ್ಪನವರು ಹಡಗಲಿಯ ಮಲ್ಲಿಗೆಯನ್ನು ಟೆಂಪೋದಲ್ಲಿ ತುಂಬಿಕೊಂಡು ದೂರದ ಪೇಟೆಗಳಿಗೆ ಒಯ್ಯುತ್ತಿದ್ದವರು. ಮಲ್ಲಿಗೆಯ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಗ್ಗು ಬುಟ್ಟಿಯಲ್ಲಿ ಬಿರಿಯುವುದರೊಳಗೆ ಪೇಟೆ ಮುಟ್ಟಬೇಕು. ತಡವಾದರೆ ಹೂವು ಕೇಳುವವರಿಲ್ಲ. ಅವಸರ ಮಾಡಿ ಬುಟ್ಟಿ ಅಲುಗಾಡಿಸಿದರೂ ಕೆಲಸ ಕೆಟ್ಟಿತು, ಮೊಗ್ಗು ಕಂದಿಹೋಗುತ್ತದೆ. ಹಾಗಾಗಿ ಜೋರಾಗಿ ಓಡಿಸಬೇಕು, ಆದರೆ ಗಾಡಿಯೊಳಗಿನ ಹೂವಿಗೆ ಅದು ಗೊತ್ತಾಗಬಾರದು. ಗಂಡುಮಕ್ಕಳು ಇನ್ನೂ ಚಿಕ್ಕವರಿದ್ದಾಗ ಪಾಲಾಕ್ಷಪ್ಪನವರು ಈ ವಿದ್ಯೆಯನ್ನು ಮಗಳಿಗೆ ಕಲಿಸಿದರು. ಲೈಸೆನ್ಸ್ ಮಾಡಿಸಿಕೊಟ್ಟರು. ಮದುವೆಯಾಗುವವರೆಗೆ ಆಕೆ ಟೆಂಪೋ ಓಡಿಸಿದಳು.

ಅನಂತರ ಆಕೆ ಅರ್ಜಿದಾರನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಲೈಸೆನ್ಸನ್ನು ತಪ್ಪದೆ ನವೀಕರಿಸಿಕೊಂಡು ಬಂದಿದ್ದಾಳೆ. ಅರ್ಜಿದಾರನೇ ಪ್ರತಿ ಸಲ ಮುಂದೆ ನಿಂತು ಮಾಡಿಸಿಕೊಟ್ಟಿದ್ದಾನೆ. ಆದರೆ ಅದು ಬ್ಯಾಂಕಿನಲ್ಲಿ ಖಾತೆ ತೆರೆಯಲು, ಫೋನಿಗೆ ಸಿಮ್ ಕೊಳ್ಳಲು ಮಾತ್ರ ಬಳಕೆಯಾಗಿದೆ. ಕಾರು ಬಂದಾಗ ಆಕೆ ಒಮ್ಮೆ ಕೀಲಿಗೆ ಕೈ ಚಾಚಿದ್ದು ಉಂಟು. ಆಗ ಅರ್ಜಿದಾರನು, "ಈಗಿನ ಟ್ರಾಫಿಕ್ಕು ಮೊದ್ಲಿನಂಗ ಇಲ್ಲ," ಎಂದಿದ್ದ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಆ ವಿಷಯ ಅಲ್ಲಿಗೆ ಮುಕ್ತಾಯವಾಯಿತೆಂದು ಅರ್ಜಿದಾರನು ಭಾವಿಸಿದ್ದನು.

೩. ಹೀಗಿರುವಲ್ಲಿ, ನಿವೃತ್ತಿಗೆ ಮುಂಚೆ ಹೆಂಡತಿಯನ್ನು ಎಲ್ಲಿಗಾದರೂ ಆರಾಮವಾಗಿ ಕರೆದುಕೊಂಡು ಹೋಗಿ ಬರಬೇಕೆಂಬ ಸದುದ್ದೇಶ ಅರ್ಜಿದಾರನಲ್ಲಿ ಮೂಡಿತು. ಊಟಕ್ಕೆ ಕುಳಿತಾಗ ಕೇಳಿದನು.

"ಶನಿವಾರ, ಐತವಾರ ರಜಾ ಐತಿ. ಎಲ್ಲಿಗರ ಹೋಗಿ ಬರೋಣೇನ? ಧರ್ಮಸ್ಥಳ? ಮಂತ್ರಾಲಯ?"

"ದಾವಣಗೆರಿಗೆ."

"ದಾವಣಗೆರಿಯಾಗ ಏನೈತಿ?"

"ಕಾರ್ ರೇಸ್ ಐತಂತ. ಬಸ್‌ಸ್ಟ್ಯಾಂಡಿನಾಗ ದೊಡ್ಡ ಬೋರ್ಡ್ ಹಾಕ್ಯಾರ. ಮಣ್ಣಿನಾಗ ಓಡಿಸ್ತಾರಂತ."

ಅರ್ಜಿದಾರನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದನು. "ಅದ್ರಾಗ ನೋಡೋದೇನೈತಿ?"

"ಓಡೋದನ್ನ ನೋಡೋದು," ಎಂದಳು ಕಲ್ಯಾಣಮ್ಮ. ಬಳಿಕ ಅವನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿ, "ನೀವು ಬ್ಯಾಡ ಅಂದ್ರ ಬ್ಯಾಡ," ಎಂದು ಸೇರಿಸಿದಳು. ಸಂಸಾರಸ್ಥರಾದ ತಮಗೆ ಆ ಮಾತಿನ ಅರ್ಥ ತಿಳಿದಿರುತ್ತದೆ. ಕಾರಣ, ಅರ್ಜಿದಾರನು ಒಪ್ಪಿದನು.

೪. ಒಪ್ಪಿದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿರಬೇಕು. ಹಗರಿಬೊಮ್ಮನಹಳ್ಳಿಯಿಂದ ದಾವಣಗೆರೆಗೆ ಬೆಳಿಗ್ಗೆ ಹೊರಟವರು ತಿಂಡಿಯ ಹೊತ್ತಿಗೆ ತಲುಪುತ್ತಾರೆ ಎಂದು ಬೇರೆಯವರು ಹೇಳುತ್ತಾರೆ. ಅದು ಆರಾಮದ ಪ್ರಯಾಣವಲ್ಲ. ಅರ್ಜಿದಾರನು ಕಚೇರಿಯ ಮಾದರಿಯಲ್ಲಿ ಪ್ರವಾಸ ಕಾರ್ಯಕ್ರಮ ತಯಾರಿಸಿದನು. ಕೊಟ್ಟೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮತ್ತು ವಿಶ್ರಾಂತಿ. ಹರಪನಹಳ್ಳಿಯಲ್ಲಿ ಚಹಾ ಮತ್ತು ವಿಶ್ರಾಂತಿ. ತೆಲಿಗಿಯಲ್ಲಿ ಅರ್ಜಿದಾರನ ಚಿಕ್ಕಪ್ಪನ ಮಗಳು ಹಂಪಕ್ಕನ ಮನೆಯಲ್ಲಿ ಊಟ ಮತ್ತು ದೀರ್ಘ ವಿಶ್ರಾಂತಿ. ಸಂಜೆ ದಾವಣಗೆರೆಯ ಲಾಡ್ಜು. ಭಾನುವಾರ ಬೆಣ್ಣೆದೋಸೆ. ಮರಳಿ ಇದೇ ಕ್ರಮ, ಹಿಂದುಮುಂದಾಗಿ.

ಜೊತೆಗೆ ಒಯ್ಯಬೇಕಾದವು: ಮಡಚುವ ಕುರ್ಚಿ, ದೊಡ್ಡ ಕೊಡೆ, ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು, ಕಿವಿಗೆ ಹತ್ತಿ, ಸೊಳ್ಳೆಬತ್ತಿ, ಫ್ಲಾಸ್ಕು, ಸಜ್ಜೆರೊಟ್ಟಿ, ಶೇಂಗಾಚಟ್ನಿ, ಒಂದು ಸ್ಟೀಲ್ ಡಬ್ಬಿ ತುಂಬ ಗಟ್ಟಿ ಮೊಸರು. ಲಾಡ್ಜಿನ ನೀರು ಹೊಟ್ಟೆಗೆ ಆಗಿಬರುವುದಿಲ್ಲವಾದ್ದರಿಂದ ಮನೆಯ ನೀರು ಎರಡು ಕ್ಯಾನು.

ಕಲ್ಯಾಣಮ್ಮ ಕಾರ್ಯಕ್ರಮವನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಹಾಳೆ ತಿರುವಿ ಹಿಂಬದಿಯನ್ನೂ ನೋಡಿದಳು.

"ಇದ್ರಾಗ ರೇಸ್ ಎಲ್ಲೈತಿ?"

ಪರಿಶೀಲಿಸಲಾಗಿ, ಬೆಣ್ಣೆದೋಸೆಗೂ ಮಧ್ಯಾಹ್ನದ ನಿದ್ದೆಗೂ ನಡುವೆ ರೇಸು ಬಿಟ್ಟುಹೋಗಿರುವುದು ಕಂಡುಬಂದಿತು. ಅರ್ಜಿದಾರನು ಕೂಡಲೇ ಸೇರ್ಪಡೆ ಮಾಡಿ ಪಕ್ಕದಲ್ಲಿ ಸಹಿ ಹಾಕಿದನು.

೫. ಪ್ರಯಾಣದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಕೊಟ್ಟೂರು ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಬಹಳ ಹೊತ್ತು ಮುಂದೆ ಇತ್ತು. ಅರ್ಜಿದಾರನಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಮುಂದೆ ಒಬ್ಬರು ಹೋಗುತ್ತಿದ್ದರೆ ರಸ್ತೆಯ ಸ್ಥಿತಿಗತಿ ತಿಳಿಯುತ್ತದೆ. ಪಕ್ಕದ ಸೀಟಿನಲ್ಲಿ ಕಲ್ಯಾಣಮ್ಮನ ಬಲಗಾಲು ಮಾತ್ರ ಮ್ಯಾಟಿನ ಮೇಲೆ ಆಗಾಗ ಒತ್ತುತ್ತಿತ್ತು.

"ಕಾಲು ನೋಯ್ತೈತೇನು?" ಎಂದು ಅರ್ಜಿದಾರನು ವಿಚಾರಿಸಿದನು.

"ಇಲ್ಲ, ಜೋಮು," ಎಂದಳು.

ತೆಲಿಗಿಯಲ್ಲಿ ಹಂಪಕ್ಕ ಹೋಳಿಗೆ ಮಾಡಿದ್ದಳು. ಕಾರ್ ರೇಸಿಗೆ ಹೊರಟಿದ್ದಾರೆಂದು ಕೇಳಿ ಅರ್ಜಿದಾರನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ ಅಣ್ಣ? ಕಾರ್ ರೇಸಿಗಾ? ಅಲ್ಲಿ ಕುರ್ಚಿ ಹಾಕಿರ್ತಾರಾ?"

"ನಾವೇ ಒಯ್ದೀವಿ," ಎಂದನು ಅರ್ಜಿದಾರ.

ಹಂಪಕ್ಕ ಕಲ್ಯಾಣಮ್ಮನ ಕಡೆ ತಿರುಗಿ, "ವೈನಿ, ಇವನ ಜೊತೆ ಇದ್ದು ನಿನಗೆ ನಿದ್ದೆ ಬಾಳ ಆಗಿರ್ಬೇಕು," ಎಂದಳು. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಕಾರಣ ಅರ್ಜಿದಾರನಿಗೆ ತಿಳಿದುಬಂದಿಲ್ಲ.

೬. ಭಾನುವಾರ ಗಂಡಹೆಂಡತಿ ತಮ್ಮ ಸಮಿತಿಯ ಬಯಲಿಗೆ ಬಂದರು. ಏರ್ಪಾಟು ಚೆನ್ನಾಗಿತ್ತು, ಧೂಳೂ ಚೆನ್ನಾಗಿತ್ತು. ಅರ್ಜಿದಾರನು ಬೇವಿನ ಮರವೊಂದನ್ನು ಗುರುತಿಸಿ, ಅದರ ನೆರಳಿಗೆ ಕುರ್ಚಿಗಳನ್ನು ಬಿಡಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು, ಕುತ್ತಿಗೆಗೆ ದಿಂಬು ಸಿಕ್ಕಿಸಿಕೊಂಡು ಕುಳಿತನು. ಅಲ್ಲಿಂದ ಟ್ರ್ಯಾಕು ಕಾಣುತ್ತಿರಲಿಲ್ಲ. ಆದರೆ ಗಾಳಿ ಬರುತ್ತಿತ್ತು.

ಕಲ್ಯಾಣಮ್ಮ ಒಂದು ಗಳಿಗೆಯೂ ಕೂರಲಿಲ್ಲ. ಬೊಂಬು ಕಟ್ಟಿದ ಬೇಲಿಗೆ ಹೊಟ್ಟೆ ಆನಿಸಿ ನಿಂತುಬಿಟ್ಟಳು. ಮೈಮೇಲೆ ಕೆಂಪು ಮಣ್ಣು ಬೀಳುತ್ತಿದ್ದರೂ ಸೆರಗು ಕೊಡವಲಿಲ್ಲ. ಅರ್ಜಿದಾರನು ಒಮ್ಮೆ ಫ್ಲಾಸ್ಕಿನ ಚಹಾ ಕೊಡಲು ಹೋದಾಗ, ಆಕೆ ಟ್ರ್ಯಾಕಿನ ಮೇಲಿಟ್ಟ ಕಣ್ಣು ತೆಗೆಯದೆ, "ಆ ನೀಲಿ ಗಾಡಿಯಂವ ತಿರುವಿನಾಗ ಬ್ರೇಕು ಒತ್ತಾಕತ್ಯಾನ. ತಿರುವು ಬರೋಕಿಂತ ಮೊದ್ಲೇ ಒತ್ತಿ ಬಿಡಬೇಕು," ಎಂದಳು. ಚಹಾ ಆರಿತು.

೭. ಇನ್ನು ಮುಂದಿನದು ಅರ್ಜಿದಾರನು ನಿದ್ರೆಯಲ್ಲಿದ್ದಾಗ ನಡೆದದ್ದಾಗಿ, ಬೇರೆಯವರಿಂದ ಕೇಳಿ ತಿಳಿದದ್ದು.

ಮಹಿಳಾ ವಿಭಾಗಕ್ಕೆ ಮೂವರು ಮಾತ್ರ ಹೆಸರು ಕೊಟ್ಟಿದ್ದರು. ನಾಲ್ವರಿಲ್ಲದಿದ್ದರೆ ವಿಭಾಗ ರದ್ದು ಎಂಬುದು ತಮ್ಮ ಸಮಿತಿಯ ನಿಯಮ. ಆ ಮೂವರಲ್ಲಿ ಒಬ್ಬಳಾದ ಕೂಡ್ಲಿಗಿಯ ಮಾಲಾ ಎಂಬ ಹುಡುಗಿ ತಮ್ಮ ಕಡೆಯ ಜಂಬಯ್ಯನವರ ಮುಂದೆ ನಿಂತಿದ್ದಳು. ಹೆಸರು ಬರೆದುಕೊಳ್ಳುವವರೂ ಮೈಕಿನಲ್ಲಿ ಕೂಗುವವರೂ ಅವರೇ. ಆ ಹುಡುಗಿ ಕೂಡ್ಲಿಗಿಯಲ್ಲಿ ಬೈಕ್ ರಿಪೇರಿಯ ಅಂಗಡಿ ನಡೆಸುತ್ತಾಳಂತೆ. ಎರಡು ತಿಂಗಳು ತಾನೇ ಎಂಜಿನ್ ಬಿಚ್ಚಿ ಕಾರು ಸಜ್ಜು ಮಾಡಿಕೊಂಡು ಬಂದಿದ್ದಳು.

"ಹೋದ ವರ್ಷನೂ ಹಿಂಗ ಅಂದ್ರಿ ಸರ. ಜನ ಕಮ್ಮಿ, ಮುಂದಿನ ಸಲ ನೋಡೋಣ ಅಂದ್ರಿ."

"ನಾ ಏನ್ ಮಾಡ್ಲವ್ವ. ಇನ್ನೊಬ್ಬಾಕಿನ್ನ ಎಲ್ಲಿಂದ ತರ್ಲಿ?" ಎಂದ ಜಂಬಯ್ಯನವರು, ಅವಳ ಸಮಾಧಾನಕ್ಕೆಂದು ಮೈಕಿನಲ್ಲಿ ಒಂದು ಮಾತು ಕೂಗಿದರು. ಲೈಸೆನ್ಸ್ ಇರುವ, ಸ್ವಂತ ಗಾಡಿ ಇರುವ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಮುಂದೆ ಬರಬಹುದು. ಯಾರೂ ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಬೇಲಿಯ ಬಳಿಯಿಂದ ಕಲ್ಯಾಣಮ್ಮ ಹೋದಳು. ಸೀರೆ ಉಟ್ಟ, ತಲೆಯಲ್ಲಿ ಬೆಳ್ಳಿಕೂದಲಿನ, ಮೈಯೆಲ್ಲ ಧೂಳಾದ ಹೆಂಗಸು ಬಂದು ಮೇಜಿನ ಮುಂದೆ ನಿಂತಾಗ ಜಂಬಯ್ಯನವರು ಕುಡಿಯುವ ನೀರು ಆ ಕಡೆ ಇದೆ ಎಂದು ಕೈ ತೋರಿಸಿದರಂತೆ.

"ನೀರು ಬ್ಯಾಡ್ರಿ," ಎಂದು ಆಕೆ ಪರ್ಸಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು. "ನಾಲ್ಕು ಮಂದಿ ಆದ್ವಿ. ಬರಕೊಳ್ರಿ."

ಮಾಲಾ ಆಕೆಯನ್ನು ನೋಡಿ, "ಅಕ್ಕ, ಇದು ಆಟದ ಸಾಮಾನಲ್ಲ. ಗಾಡಿ ಜಾರತೈತಿ. ಮೊದ್ಲು ಓಡ್ಸೀರೇನು?" ಎಂದಳು.

"ಹೂವಿನ ಗಾಡಿ ಓಡ್ಸೀನಿ."

ಮಾಲಾಳಿಗೆ ಅದು ಅರ್ಥವಾಗಲಿಲ್ಲವಂತೆ. ಆದರೂ ತನ್ನ ಹತ್ತಿರ ಹೆಚ್ಚಿಗೆ ಇದ್ದ ಹೆಲ್ಮೆಟ್ಟನ್ನು ತಂದು, ಆಕೆಯ ತುರುಬು ಬಿಚ್ಚಿಸಿ, ಜಡೆ ಹೆಣೆದು ಒಳಗೆ ಸೇರಿಸಿ ಬಕಲ್ ಹಾಕಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಬಿಗಿದಳು.

೮. ಹೆಲ್ಮೆಟ್ ಹಾಕಿಕೊಳ್ಳುವ ಮೊದಲೇ ಕಲ್ಯಾಣಮ್ಮ ಬೇವಿನ ಮರದ ಬಳಿ ಬಂದು ಅರ್ಜಿದಾರನ ಭುಜ ಅಲುಗಿಸಿದ್ದಳು. ಅವನು ಅರೆನಿದ್ದೆಯಲ್ಲಿದ್ದನು.

"ಕೀಲಿ ಕೊಡ್ರಿ. ಆರ್‌ಸಿ ಎಲ್ಲೈತಿ?"

"ಯಾಕ?"

"ಗಾಡಿ ಸ್ವಲ್ಪ ತಿರುವಿ ತರ್ತೀನಿ."

ಬಿಸಿಲಿನಲ್ಲಿ ನಿಂತ ಗಾಡಿಯನ್ನು ನೆರಳಿಗೆ ಹಾಕುತ್ತಾಳೆ ಎಂದು ತಿಳಿದು ಅರ್ಜಿದಾರನು ಕೀಲಿ ಕೊಟ್ಟನು. ಆರ್‌ಸಿ ಮುಂದಿನ ಗೂಡಿನಲ್ಲಿದೆ ಎಂದೂ ತಿಳಿಸಿದನು. ಆಕೆ ಸುಳ್ಳು ಹೇಳಿರಲಿಲ್ಲ. ಗಾಡಿಯನ್ನು ತಿರುವಿಯೇ ತಂದಳು. ತಿರುವುಗಳು ಬಹಳ ಇದ್ದವು, ಅಷ್ಟೇ.

೯. ಅರ್ಜಿದಾರನಿಗೆ ಎಚ್ಚರವಾದದ್ದು ಮೈಕಿನಲ್ಲಿ ತನ್ನ ಹೆಸರು ಕೇಳಿ. ಕಿವಿಯ ಹತ್ತಿ ತೆಗೆದು ಆಲಿಸಿದನು. "ಈಗ ಬರ್ತಿರೋದು, ಪಂಚಾಕ್ಷರಪ್ಪ, ಹಗರಿಬೊಮ್ಮನಹಳ್ಳಿ." ಎದ್ದು ಬೇಲಿಯ ಕಡೆ ಓಡಿದನು. ಮದುವೆಯಾದ ಮೇಲೆ ಅವನು ಓಡಿದ್ದು ಅದೇ ಮೊದಲು.

ಧೂಳಿನೊಳಗಿಂದ ಒಂದು ಬಿಳಿ ಕಾರು ಬಂತು. ಮುಂದೆ ಅಮಾವಾಸ್ಯೆಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದವು. ತನ್ನದೇ ಗಾಡಿ ಎಂದು ಅವನಿಗೆ ಅದರಿಂದ ಗೊತ್ತಾಯಿತು. ಇಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಆ ಗಾಡಿ ಹಾಗೆ ಸದ್ದು ಮಾಡಬಲ್ಲದು ಎಂಬ ಮಾಹಿತಿ ಅವನಲ್ಲಿರಲಿಲ್ಲ. ಮೊದಲು ಅವನು ಹೆದರಿದ್ದು ಗಾಡಿಗಾಗಿಯೇ ಎಂಬುದನ್ನು ಇಲ್ಲಿ ಬರೆಯಲೇಬೇಕು. ಎರಡನೆಯ ಸುತ್ತಿನಲ್ಲಿ ಗಾಡಿ ಎದುರಿನಿಂದ ಹಾದುಹೋಗುವಾಗ ಒಳಗಿದ್ದವಳನ್ನು ಕಂಡನು. ಆಮೇಲೆ ಗಾಡಿಯ ನೆನಪಾಗಲಿಲ್ಲ.

ಉಳಿದ ಮೂವರು ತಿರುವಿಗೆ ಬಂದಾಗ ಹಿಂದಿನ ಚಕ್ರ ಒದ್ದಾಡಿ ಮಣ್ಣು ಚಿಮ್ಮುತ್ತಿತ್ತು. ಜನ ಸಿಳ್ಳೆ ಹಾಕುತ್ತಿದ್ದರು. ಕಲ್ಯಾಣಮ್ಮ ಬಂದಾಗ ಅಂಥದ್ದೇನೂ ಆಗಲಿಲ್ಲ. ತಿರುವಿಗೆ ಮೊದಲೇ ಗಾಡಿಯ ಮೂತಿ ಒಮ್ಮೆ ಬಗ್ಗುತ್ತಿತ್ತು, ಆಮೇಲೆ ಯಾರೋ ಕೈಯಲ್ಲಿ ಹಿಡಿದು ಸರಿಸಿದ ಹಾಗೆ ಆ ಕಡೆಗೆ ಹೊರಳುತ್ತಿತ್ತು. ಬೇಲಿಯ ಬಳಿ ಒಬ್ಬ, "ಈಯಮ್ಮ ನಿಧಾನ ಹೊಂಟಾಳ," ಎಂದ. ಸಮಯ ಘೋಷಿಸಿದಾಗ ಅವನೇ ಮೊದಲು ಸಿಳ್ಳೆ ಹಾಕಿದ. ಮಾಲಾ ಮೊದಲು ಬಂದಿದ್ದಳು. ಕಲ್ಯಾಣಮ್ಮ ಅವಳ ಹಿಂದೆಯೇ ಇದ್ದಳು. ಇನ್ನಿಬ್ಬರು ಬಹಳ ಹಿಂದೆ.

ಗಾಡಿ ನಿಂತ ಮೇಲೆ ಅರ್ಜಿದಾರನು ಡಿಕ್ಕಿ ತೆಗೆದು ನೋಡಲಾಗಿ ಮೊಸರಿನ ಡಬ್ಬಿ ಅಲ್ಲೇ ಇತ್ತು. ಸ್ಪರ್ಧೆಗೆ ಮುನ್ನ ಗಾಡಿ ತಪಾಸಣೆ ಮಾಡಿದವರು ಅದನ್ನು ಗಮನಿಸಿಲ್ಲ ಎಂದು ಕಾಣುತ್ತದೆ. ಅವರ ಮೇಲೆ ಯಾವ ಕ್ರಮವೂ ಬೇಡ. ಮೊಸರು ಡಬ್ಬಿಯ ಅಂಚಿನವರೆಗೆ ಬಂದಿತ್ತು. ಚೆಲ್ಲಿರಲಿಲ್ಲ.

೧೦. ಈಗ ಹೆಸರು ತಪ್ಪಾದ ವಿಷಯಕ್ಕೆ ಬರಲಾಗಿದೆ. ಜಂಬಯ್ಯನವರು ಅವಸರದಲ್ಲಿ ಲೈಸೆನ್ಸ್ ನೋಡುವ ಬದಲು ಗಾಡಿಯ ಆರ್‌ಸಿ ನೋಡಿ, ಅದರಲ್ಲಿದ್ದ ಹೆಸರನ್ನು ಬರೆದುಕೊಂಡಿದ್ದರು. ಸಂಜೆ ಬಹುಮಾನ ಹಂಚುವಾಗ ವೇದಿಕೆಯಿಂದ ಕರೆದರು: "ಮಹಿಳಾ ವಿಭಾಗ, ದ್ವಿತೀಯ ಸ್ಥಾನ, ಪಂಚಾಕ್ಷರಪ್ಪ."

ಕಚೇರಿಯಲ್ಲಿ ಹೆಸರು ಕರೆದ ಕೂಡಲೇ ಎದ್ದು ಹೋಗುವುದು ಅರ್ಜಿದಾರನಿಗೆ ಅಭ್ಯಾಸ. ಎದ್ದು ಹೋದನು. ಬಹುಮಾನ ಕೊಡುವ ಗಣ್ಯರು ಫೋನಿನಲ್ಲಿ ಮಾತಾಡುತ್ತಿದ್ದುದರಿಂದ ಯಾರ ಕೊರಳು ಎಂದು ನೋಡದೆ ಪದಕ ಹಾಕಿದರು. ಕುತ್ತಿಗೆಯ ದಿಂಬು ಇನ್ನೂ ಹಾಗೇ ಇದ್ದುದರಿಂದ ಪದಕ ಅದರ ಮೇಲೆ ಕುಳಿತಿತು. ಫೋಟೋದವನು ಕ್ಲಿಕ್ಕಿಸಿದ. ತಿದ್ದಬೇಕೆಂದು ಅರ್ಜಿದಾರನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಿಭಾಗದವರ ಹೆಸರು ಕೂಗಿದರು. ಕೆಳಗೆ ನಿಂತಿದ್ದ ಕಲ್ಯಾಣಮ್ಮ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಇಳಿದು ಬಂದ ಅರ್ಜಿದಾರನು ಪದಕವನ್ನು ತೆಗೆದು ಆಕೆಯ ಕೈಗೆ ಕೊಟ್ಟನು. ಆಕೆ ತೂಕ ನೋಡಿ ಬ್ಯಾಗಿಗೆ ಹಾಕಿಕೊಂಡಳು. ಪ್ರಶಸ್ತಿ ಪತ್ರವನ್ನು ಓದಿ ಅವನಿಗೇ ಹಿಂದಿರುಗಿಸಿದಳು.

೧೧. ಮರಳುವಾಗ ಗಾಡಿಯನ್ನು ಆಕೆಯೇ ಓಡಿಸಿದಳು. ಆರಾಮದ ಕಾರ್ಯಕ್ರಮ ರದ್ದಾಯಿತು; ಹಂಪಕ್ಕನ ಮನೆಯ ರಾತ್ರಿಯೂಟವನ್ನು ಫೋನಿನಲ್ಲೇ ಬೇಡವೆನ್ನಬೇಕಾಯಿತು. ಅರ್ಜಿದಾರನು ಮೊದಮೊದಲು ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದನು. ತೆಲಿಗಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಆಮೇಲೆ ಒಂದು ಕೈ ಬಿಟ್ಟನು.

ಆಗ ಅವನಿಗೆ ಹೊಳೆದ ಸಂಗತಿಯೊಂದಿದೆ. ಇಷ್ಟು ವರ್ಷ ಸ್ಕೂಟರಿನ ಮೇಲೆ ಆಕೆ ನೋಡಿದ್ದು ಅರ್ಜಿದಾರನ ಬೆನ್ನನ್ನು. ಅವನು ನೋಡಿದ್ದು ರಸ್ತೆಯನ್ನು. ದಾರಿ ನೋಡುತ್ತಿರುವ ಹೆಂಡತಿಯ ಮುಖ ಹೇಗಿರುತ್ತದೆ ಎಂದು ಅವನು ಒಮ್ಮೆಯೂ ಕಂಡಿರಲಿಲ್ಲ. ಎದುರು ಬರುವ ಲಾರಿಗಳ ಬೆಳಕಿನಲ್ಲಿ ಆ ಮುಖ ಬೆಳಗಿ ಬೆಳಗಿ ಆರುತ್ತಿತ್ತು. ಬೇರೆ ಯಾರದ್ದೋ ಮುಖವೇನೋ ಎನ್ನುವಂತಿತ್ತು, ಚೆನ್ನಾಗಿತ್ತು.

"ಕಲ್ಯಾಣಿ, ಅಲ್ಲೇ ಹೇಳಬೇಕಿತ್ತು ನಾನು," ಎಂದನು.

"ಹೇಳ್ಬೇಕಿತ್ತು."

"ನೀನರ ಹೇಳಬಹುದಿತ್ತಲ್ಲ?"

ಆಕೆ ಗೇರು ಬದಲಿಸಿದಳು. "ನಿಮ್ಮ ಹೆಸರು ಕರೆದ್ರು, ನೀವು ಹೋದ್ರಿ. ನನ್ನ ಹೆಸರು ಕರೆದಿದ್ರ ನಾನು ಹೋಗ್ತಿದ್ದೆ."

ಅದು ನಾಲ್ಕನೇ ಗೇರೋ ಐದನೆಯದೋ ಎಂದು ಕೇಳುವ ಧೈರ್ಯ ಅರ್ಜಿದಾರನಿಗಾಗಲಿಲ್ಲ.

೧೨. ಫೋಟೋ ಅವರಿಗಿಂತ ಮೊದಲೇ ಹಗರಿಬೊಮ್ಮನಹಳ್ಳಿ ಮುಟ್ಟಿತ್ತು. ಸೋಮವಾರ ಕಚೇರಿಗೆ ಹೋದಾಗ ಅರ್ಜಿದಾರನ ಮೇಜಿನ ಮೇಲೆ ಹಾರ, ಶಾಲು, ಮೈಸೂರುಪಾಕು. ವಿಷಯ ಹೇಳಲು ಅವನು ಪ್ರಯತ್ನಿಸಿದ್ದು ನಿಜ, ಆದರೆ ಬಾಯಲ್ಲಿ ಮೈಸೂರುಪಾಕು ಇತ್ತು. ಸಹೋದ್ಯೋಗಿ ಹನುಮಣ್ಣ ಅರ್ಜಿದಾರನ ಚೀಲದಲ್ಲಿದ್ದ ಪ್ರಶಸ್ತಿ ಪತ್ರ ತೆಗೆದು ಎಲ್ಲರಿಗೂ ಕೇಳುವಂತೆ ಓದಲು ನಿಂತನು. "ಪಂಚಾಕ್ಷರಪ್ಪ ಇವರು ಮಹಿಳಾ..." ಎಂಬಲ್ಲಿ ನಿಂತು, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡನು.

"ಪಂಚಾಕ್ಷರಪ್ಪೋರೆ, ಇದ್ರಾಗ ಬ್ಯಾರೇನ ಐತಿ."

ಶಾಲು ಹೊದಿಸಿದವರೇ ಅದನ್ನು ಸೀರೆಯ ಸೆರಗಿನಂತೆ ಸರಿಪಡಿಸಿದರು. ಅಂದಿನಿಂದ ಚಹಾದ ಅಂಗಡಿಯಲ್ಲಿ "ಅಕ್ಕಾರ ಬಂದ್ರು, ಕುರ್ಚಿ ಬಿಡ್ರಿ" ಎನ್ನುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಮಹಿಳೆಯರಿಗೆ ಉಚಿತ ಟಿಕೆಟ್ ಹರಿಯಲು ಬಂದ. ಮೇಲಧಿಕಾರಿಗಳು ಸೇವಾಪುಸ್ತಕದ ಮೊದಲ ಪುಟವನ್ನು ತರಿಸಿ, ಲಿಂಗ ಎಂಬ ಕಾಲಂ ನೋಡಿ ವಾಪಸ್ಸು ಕಳಿಸಿದರು. ಇದೆಲ್ಲವನ್ನೂ ಅರ್ಜಿದಾರನು ನಕ್ಕು ಸಹಿಸುತ್ತಿದ್ದನು. ಇದಿಷ್ಟೇ ಆಗಿದ್ದರೆ ಈ ಅರ್ಜಿ ಬರೆಯುತ್ತಿರಲಿಲ್ಲ.

೧೩. ಸುದ್ದಿ ಕೇಳಿ ಇಟ್ಟಿಗಿಯಿಂದ ಮಾವನವರು ಹೇಳಿಕಳಿಸಿದರು, ಗಂಡಹೆಂಡತಿ ಹೋದರು. ಪಾಲಾಕ್ಷಪ್ಪನವರಿಗೆ ಈಗ ಬಹಳ ವಯಸ್ಸು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಅವರದೇ ಮಾತು ನಡೆಯುತ್ತದೆ. ಕಲ್ಯಾಣಮ್ಮ ಪದಕ ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಬೆರಳಿನಿಂದ ಅಂಚು ಸವರಿ, ಮೊಮ್ಮಕ್ಕಳನ್ನು ಕರೆದು ಒಬ್ಬೊಬ್ಬರಿಗೂ ತೋರಿಸಿದರು. ಆಮೇಲೆ, "ಕಾಗದ ಕೊಟ್ಟಾರಂತಲ್ಲ, ಅದನ್ನ ತರ್ರಿ," ಎಂದರು.

ಅರ್ಜಿದಾರನು ಕೊಡದೆ ವಿಧಿಯಿರಲಿಲ್ಲ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿದ ಮೇಲೆ ಹಿಂಬದಿ ನೋಡಿದರು. ಮತ್ತೆ ಮುಂಬದಿ ನೋಡಿದರು.

"ಇದು ಅಳಿಯಂದ್ರದು," ಎಂದರು. "ನನ್ನ ಮಗಳದು ಎಲ್ಲೈತಿ?"

ಕಲ್ಯಾಣಮ್ಮ ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಳು. ಆಕೆ ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಅರ್ಜಿದಾರನು ಸೇವೆಗೆ ಸೇರಿದಂದಿನಿಂದ ಎಷ್ಟೋ ಜನರಿಗೆ "ನಾಳೆ ಬರ್ರಿ, ಹೆಸರು ತಪ್ಪಾಗಿದ್ರ ತಿದ್ದೋಣ" ಎಂದು ಹೇಳಿದವನು. ಹೆಸರು ತಪ್ಪಾಗುವುದು ಎಂದರೆ ಏನು ಎಂಬುದು ಆ ಪಡಸಾಲೆಯಲ್ಲಿ ಕುಳಿತು ಅವನಿಗೆ ತಿಳಿಯಿತು.

೧೪. ಮನೆಗೆ ಬಂದ ಮೇಲೆ ಕಲ್ಯಾಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅರ್ಜಿ ಬರೀರಿ. ಊರಮಂದಿಗೆಲ್ಲ ಬರದೀರಿ, ನನಗೊಂದು ಬರೀರಿ," ಎಂದಳು. ಉಲ್ಲೇಖ ಮೂರರಲ್ಲಿ ಕಾಣಿಸಿದ ಆದೇಶ ಇದೇ. ಹೆಸರನ್ನು ಹೇಗೆ ಬರೆಸಬೇಕು, ಗಂಡನ ಹೆಸರು ಸೇರಿಸಬೇಕೇ ಎಂದು ಅರ್ಜಿದಾರನು ಸ್ಪಷ್ಟೀಕರಣ ಕೋರಿದನು.

"ನಿಮ್ಮ ಹೆಸರು ರೇಶನ್ ಕಾರ್ಡಿನಾಗ ಐತಿ, ಕರೆಂಟ್ ಬಿಲ್ಲಿನಾಗ ಐತಿ, ಬಾಗಲ ಮ್ಯಾಗ ಐತಿ," ಎಂದಳು. "ಇದೊಂದ್ರಾಗ ಇರಲಿಲ್ಲ ಅಂದ್ರ ನೀವೇನು ಬಡವಾಗಂಗಿಲ್ಲ."

ಆ ಮಾತು ನ್ಯಾಯಯುತವಾಗಿದೆ ಎಂದು ಅರ್ಜಿದಾರನು ಷರಾ ಬರೆದಿದ್ದಾನೆ.

ಆದ್ದರಿಂದ ತಾವು ದಯವಿಟ್ಟು,

(ಅ) ಮಹಿಳಾ ವಿಭಾಗದ ದ್ವಿತೀಯ ಸ್ಥಾನದಿಂದ ಅರ್ಜಿದಾರನನ್ನು ಬಿಡುಗಡೆಗೊಳಿಸಬೇಕು;

(ಆ) ಆ ಜಾಗದಲ್ಲಿ "ಕಲ್ಯಾಣಮ್ಮ, ಪಾಲಾಕ್ಷಪ್ಪನವರ ಮಗಳು, ಇಟ್ಟಿಗಿ" ಎಂದು ಬರೆದು ಹೊಸ ಪತ್ರ ಕೊಡಬೇಕು, ಅಕ್ಷರ ದಪ್ಪವಿರಬೇಕು, ಓದುವವರಿಗೆ ವಯಸ್ಸಾಗಿದೆ;

(ಇ) ಅದನ್ನು ಅಂಚೆಯಲ್ಲಿ ಕಳಿಸದೆ ಆಕೆಯ ಹೆಸರು ಕೂಗಿ ಆಕೆಯ ಕೈಗೇ ಕೊಡಬೇಕು. ಜಂಬಯ್ಯನವರು ಒಬ್ಬರೇ ಕೂಗಿದರೂ ಸಾಕು, ಮೈಕು ಇಲ್ಲದಿದ್ದರೂ ನಡೆಯುತ್ತದೆ;

(ಈ) ಮುಂದಿನ ವರ್ಷದ ಸ್ಪರ್ಧೆಗೆ ಆಕೆಯ ಮತ್ತು ಕೂಡ್ಲಿಗಿಯ ಮಾಲಾಳ ಹೆಸರನ್ನು ಈಗಲೇ ಬರೆದಿಟ್ಟುಕೊಳ್ಳಬೇಕು. ಇನ್ನಿಬ್ಬರನ್ನು ತಾವು ಹುಡುಕಬೇಕಿಲ್ಲ. ಮಾಲಾಳ ಅಂಗಡಿಯ ಹಿಂದಿನ ಬಯಲಿನಲ್ಲಿ ಪ್ರತಿ ಭಾನುವಾರ ಹೆಣ್ಣುಮಕ್ಕಳು ಸೇರುತ್ತಿದ್ದಾರೆ, ಹೋದ ವಾರ ತೆಲಿಗಿಯಿಂದ ಹಂಪಕ್ಕನೂ ಬಂದಿದ್ದಳು.

ಇಂತಿ, ಮಹಿಳಾ ವಿಭಾಗದ ದ್ವಿತೀಯ ಬಹುಮಾನ ವಿಜೇತನಲ್ಲದ, ವಿಜೇತಳ ಗಂಡನಾಗಿರುವ,
ತಮ್ಮ ವಿಶ್ವಾಸಿ,
ಪಂಚಾಕ್ಷರಪ್ಪ

ಲಗತ್ತುಗಳು:
1. ತಪ್ಪು ಹೆಸರಿನ ಪ್ರಶಸ್ತಿ ಪತ್ರ, ಮೂಲಪ್ರತಿ.
2. ಕಲ್ಯಾಣಮ್ಮನ ಲೈಸೆನ್ಸಿನ ನಕಲು.
3. ಅರ್ಜಿದಾರನು ಗಂಡಸು ಎಂಬುದಕ್ಕೆ ಹನುಮಣ್ಣ ಮತ್ತು ಕಚೇರಿಯ ಸಿಬ್ಬಂದಿ ನಗುತ್ತಾ ಬರೆದುಕೊಟ್ಟ ದೃಢೀಕರಣ.
4. ಪದಕ ಲಗತ್ತಿಸಿಲ್ಲ. ಅದು ಇಟ್ಟಿಗಿಯಲ್ಲಿದೆ, ಮಾವನವರು ಬಿಡುತ್ತಿಲ್ಲ.

ವಿ.ಸೂ.: ಈ ಅರ್ಜಿಯನ್ನು ಅರ್ಜಿದಾರನು ಖುದ್ದಾಗಿ ತಂದು ಸಲ್ಲಿಸುತ್ತಾನೆ. ಹೊರಗೆ ಕಲ್ಯಾಣಮ್ಮ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾಳೆ. ತಮ್ಮ ಕಚೇರಿ ತೆರೆಯುವುದರೊಳಗೆ ಅಲ್ಲಿರುತ್ತೇವೆ ಎಂದಿದ್ದಾಳೆ. ಕಾರಣ, ಅರ್ಜಿದಾರನು ತಲುಪಿದ ಕೂಡಲೇ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲವಾದ್ದರಿಂದ, ಮೊದಲು ಅವನಿಗೆ ಒಂದು ಲೋಟ ನೀರು ಕೊಡಿಸಿ, ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಲ್ಲಲು ಅನುಮತಿ ನೀಡಬೇಕಾಗಿ ಕೋರಿದೆ.